ಅರಮನೆ ಸುದ್ದಿ, ತೊಟ್ಟಿಮನೆ ಜಗಳ

ದೊಡ್ಡಪ್ಪ: (ಫಾರ್ವರ್ಡ್) ನಮ್ಮ ಮೈಸೂರು ಅರಮನೆಗೆ 600 ವರ್ಷ! ಒಂದು ಬಿರುಕೂ ಇಲ್ಲ. ಇವತ್ತು ಕಟ್ಟಿದ ಮನೆ 30 ವರ್ಷ ನಿಲ್ಲುವುದಿಲ್ಲ. ಎಲ್ಲರಿಗೂ ಕಳಿಸಿ.

ಚಿಕ್ಕಪ್ಪ: ನಿಜ ಅಣ್ಣ. ನಮ್ಮ ಅಪಾರ್ಟ್‌ಮೆಂಟ್ ಈಗಲೇ ಸೋರುತ್ತಿದೆ.

ನಾನು: ದೊಡ್ಡಪ್ಪ, ಇದನ್ನು ಯಾರು ಬರೆದದ್ದು? ಈಗಿನ ಅರಮನೆ ಮುಗಿದದ್ದು 1912ರಲ್ಲಿ. ಹಳೇದು ಮರದ್ದು. 1897ರಲ್ಲಿ ರಾಜಕುಮಾರಿ ಜಯಲಕ್ಷಮ್ಮಣ್ಣಿಯವರ ಮದುವೆ ಸಮಯದಲ್ಲಿ ಬೆಂಕಿ ಬಿದ್ದು ಸುಟ್ಟುಹೋಯಿತು. ಆಮೇಲೆ ಹೆನ್ರಿ ಇರ್ವಿನ್ ನಕ್ಷೆ ಮಾಡಿದರು.

ದೊಡ್ಡಪ್ಪ: ಓದಿದವರು ಅಂತ ಎಲ್ಲದಕ್ಕೂ ಎದುರು ಮಾತಾ? ನಮ್ಮ ಊರಿನ ಹೆಮ್ಮೆ ಅದು. ದೊಡ್ಡವರು ಕಳಿಸಿದ್ದನ್ನು ಮೊದಲು ಪೂರ್ತಿ ಓದಬೇಕು.

ನಾನು: ಹೆಮ್ಮೆ ನನಗೂ ಇದೆ. ಅದಕ್ಕೇ ಹೇಳುತ್ತಿರುವುದು. ಅಷ್ಟು ದೊಡ್ಡ ಬೆಂಕಿ ಆದಮೇಲೂ, ಮಗ ಇನ್ನೂ ಚಿಕ್ಕವರು ಅಂತ ಆಡಳಿತ ನೋಡುತ್ತಿದ್ದ ವಾಣಿವಿಲಾಸ ಮಹಾರಾಣಿಯವರು ಹೊಸದು ಕಟ್ಟಿಸಿದರಲ್ವಾ? ಈ ಸಲ ಕಲ್ಲು, ಇಟ್ಟಿಗೆ, ಕಬ್ಬಿಣ ಜಾಸ್ತಿ. ಕಲ್ಯಾಣ ಮಂಟಪದ ಕಬ್ಬಿಣದ ಕಂಬಗಳು ಗ್ಲಾಸ್ಗೋದಿಂದ ಬಂದವು. 600 ವರ್ಷ ಅಂದುಬಿಟ್ಟರೆ ಇದೆಲ್ಲ ಮುಚ್ಚಿಹೋಗುತ್ತದೆ.

ಮಂಜಣ್ಣ: ಅರಮನೆ ಅಂದರೆ ನನಗೆ ಭಾನುವಾರದ ದೀಪ. ಅಜ್ಜ ನಮ್ಮನ್ನೆಲ್ಲ ಕೋಟೆ ಆಂಜನೇಯನ ಗುಡಿ ಹತ್ತಿರ ನಿಲ್ಲಿಸುತ್ತಿದ್ದರು. ಸರಿಯಾಗಿ 7 ಗಂಟೆಗೆ ಫಳ್ ಅಂತ ಹತ್ತುತ್ತಿತ್ತು. ಕೈಯಲ್ಲಿ ಚುರುಮುರಿ. ವಾಪಸ್ ಬಂದರೆ ಅಜ್ಜಿ ತೊಟ್ಟಿ ಸುತ್ತ ಎಲೆ ಹಾಕಿರುತ್ತಿದ್ದರು.

ಗೀತತ್ತೆ: ಆ ತೊಟ್ಟಿ ಈಗ ಎಲ್ಲಿದೆ ಮಂಜು? ನಿಮ್ಮಪ್ಪನನ್ನು ಕೇಳು. ಅರಮನೆ ಹೆಮ್ಮೆ ಅಂತ ಮೆಸೇಜ್ ಕಳಿಸುತ್ತಾರೆ. ನಮ್ಮಪ್ಪ ಕಟ್ಟಿಸಿದ ಮನೆ ಮಾರುವಾಗ ನನಗೆ ಒಂದು ಫೋನ್ ಮಾಡಲಿಲ್ಲ.

ದೊಡ್ಡಪ್ಪ: ಗೀತಾ, ಸುಮ್ನೆ ಹಳೇದು ಕೆದಕಬೇಡ. ರಿಪೇರಿಗೆ ಯಾರು ದುಡ್ಡು ಕೊಟ್ಟಿರಿ?

ಗೀತತ್ತೆ: ಕೇಳಿದ್ದರೆ ಕೊಡುತ್ತಿದ್ದೆ. ಮುಂಬಾಗಿಲು ಯಾರ ಮನೆಯಲ್ಲಿದೆ ಅಂತಲೂ ಹೇಳಿ.

ಚಿಕ್ಕಪ್ಪ: ಅಕ್ಕ, ಇಲ್ಲಿ ಮಕ್ಕಳಿದ್ದಾರೆ. ಫೋನಲ್ಲಿ ಮಾತಾಡೋಣ.

ಗೀತತ್ತೆ: ಮಕ್ಕಳಿಗೂ ಗೊತ್ತಾಗಲಿ.

ಮಂಜಣ್ಣ: ಬಾಗಿಲು ನಮ್ಮಲ್ಲೇ ಇದೆ ಅತ್ತೆ. ಎಣ್ಣೆ ಹಚ್ಚಿ ಇಟ್ಟಿದ್ದೇನೆ. ಬಂದು ನೋಡಿ.

ನಾನು: ದೊಡ್ಡಪ್ಪ, ಆ 600 ವರ್ಷದ್ದನ್ನು ಬೇರೆ ಗುಂಪಿಗೆ ಹಾಕಬೇಡಿ, ದಯವಿಟ್ಟು.

ದೊಡ್ಡಪ್ಪ: ಬೆಳಗ್ಗೆಯೇ ಹಾಕಿದ್ದಾಯಿತು. ನಿನ್ನ 1912ನ್ನೂ ಬರೆದು ಕಳಿಸು, ಅದನ್ನೂ ಹಾಕುತ್ತೇನೆ. ಗೀತಾ, ಭಾನುವಾರ ಊಟಕ್ಕೆ ಬಾ.

ಗೀತತ್ತೆ: ಬಾಗಿಲು ನೋಡಲಿಕ್ಕೆ ಬರುತ್ತೇನೆ. ಊಟದ ವಿಷಯ ಆಮೇಲೆ.