ಸಹಾಯ ಬೇಕು: ರೇಷ್ಮೆ ಹುಳುವಿನ ಜ್ವರಕ್ಕೆ ಸಿರಪ್ ಕುಡಿಸಲು ಹೊರಟ ಮಗಳಿಗೆ ಏನು ಹೇಳಲಿ?

ಎಲ್ಲರಿಗೂ ನಮಸ್ಕಾರ. ನಮ್ಮದು ಶಿಡ್ಲಘಟ್ಟದ ಹತ್ತಿರದ ಹಳ್ಳಿ. ರೇಷ್ಮೆ ಹುಳು ಸಾಕುತ್ತೇವೆ. ನಾಲ್ಕು ವರ್ಷದ ಮಗಳಿದ್ದಾಳೆ.

ಮೊನ್ನೆ ಮಾವನವರು "ಹುಳುಗಳು ಮೂರನೇ ಜ್ವರಕ್ಕೆ ಕುಳಿತಿವೆ, ಸೊಪ್ಪು ಹಾಕಬೇಡಿ" ಎಂದರು. ಸ್ವಲ್ಪ ಹೊತ್ತಿಗೆ ಮಗಳು ಕಾಣಲಿಲ್ಲ. ಹುಳುಮನೆಗೆ ಹೋಗಿ ನೋಡಿದರೆ, ತನ್ನ ಜ್ವರದ ಸಿರಪ್, ಅಳತೆಯ ಮುಚ್ಚಳ, ಒದ್ದೆ ಕರವಸ್ತ್ರ ಹಿಡಿದು ತಟ್ಟೆಯ ಪಕ್ಕ ಕುಳಿತಿದ್ದಾಳೆ! ತಲೆ ಎತ್ತಿ ಅಲುಗಾಡದೆ ಇದ್ದ ಒಂದು ಹುಳುವಿಗೆ "ಸ್ವಲ್ಪವೇ ಕಹಿ, ಕಣ್ಣು ಮುಚ್ಚಿ ನುಂಗಿಬಿಡು ಕಂದ" ಎನ್ನುತ್ತಿದ್ದಳು. ನಾನು ಅವಳಿಗೆ ಹೇಳುವ ಮಾತೇ, ಅದೇ ದನಿಯಲ್ಲಿ. ನಗುವೂ ಬಂತು, ಎದೆಯೂ ಧಸಕ್ಕೆಂದಿತು. ಹುಳುಗಳ ಜ್ವರದ ಹೊತ್ತಿನಲ್ಲಿ ತಟ್ಟೆಯಲ್ಲಿನ ಅವುಗಳ ಹಾಸಿಗೆ ಒಣಗಿರಲೆಂದೇ ನಾವು ಸುಣ್ಣದ ಪುಡಿ ಉದುರಿಸುತ್ತೇವೆ. ತೇವ ತಗುಲಿದರೆ ಹುಳುವಿಗೆ ಕೇಡು.

ಇದು ಕಾಯಿಲೆಯಲ್ಲ, ಹುಳು ಪೊರೆ ಬಿಡುವುದನ್ನೇ ಜ್ವರ ಎನ್ನುತ್ತೇವೆ, ಗೂಡು ಕಟ್ಟುವ ಮುನ್ನ 4 ಸಲ ಹೀಗಾಗುತ್ತದೆ ಎಂದು ತಿಳಿಸಿದೆ. ತಲೆಯಾಡಿಸಿದಳು. ಆದರೆ ನಿನ್ನೆ ಅವಳಿಗೇ ಮೈ ಬಿಸಿಯಾದಾಗ ಸಿರಪ್ ಬೇಡವೆಂದು ಹಟ ಹಿಡಿದಳು. "ನಾನೂ ಪೊರೆ ಬಿಡುತ್ತಿದ್ದೇನೆ ಅಮ್ಮ, ಪೌಡರ್ ಹಾಕು ಸಾಕು." ಕುಡಿಸುವಷ್ಟರಲ್ಲಿ ಅರ್ಧ ಗಂಟೆ ಕಳೆಯಿತು.

ಇನ್ನು ನಾಲ್ಕೈದು ದಿನಗಳಲ್ಲಿ ನಾಲ್ಕನೇ ಜ್ವರ. ಈ ಎರಡು ಜ್ವರಗಳ ವ್ಯತ್ಯಾಸವನ್ನು ಇಷ್ಟು ಚಿಕ್ಕ ಮಗುವಿಗೆ ಹೇಗೆ ಹೇಳುವುದು? ಹುಳು ಸಾಕುವ ಮನೆಗಳ ಅಕ್ಕಂದಿರು, ಅಂಗನವಾಡಿ ಶಿಕ್ಷಕಿಯರು ದಯವಿಟ್ಟು ತಿಳಿಸಿ. ಕಥೆಯಾದರೂ ಸರಿ, ಆಟವಾದರೂ ಸರಿ. ಗದರಿಸಿ ಹುಳುಮನೆಗೆ ಬೀಗ ಹಾಕಿ ಎಂದು ಮಾತ್ರ ಹೇಳಬೇಡಿ. ಅವಳ ಆ ಮರುಕವನ್ನು ಚಿವುಟಲು ನನಗೆ ಮನಸ್ಸಿಲ್ಲ. ಔಷಧಿಯ ಬಾಟಲಿಯನ್ನಂತೂ ಈಗ ಅಟ್ಟಕ್ಕೇರಿಸಿದ್ದೇನೆ.