ಸರ್ವೇ ಫಾರ್ಮ್ ನಾವೇ ತುಂಬಿದ್ರೆ ಅದೂ ನಕಲಾ?

ಕೊನೆಬೆಂಚು: ಮಾರ್ಕೆಟಿಂಗ್ ಪೇಪರ್‌ನ ನಿಯಮಗಳ ಹಾಳೆ ಇವತ್ತು ಕೊಟ್ರು. ಹಾಜರಿ ಕಡ್ಡಾಯ, ತಡ ಆದ್ರೆ ಅಂಕ ಕಟ್, ನಕಲು ಸಿಕ್ಕಿದ್ರೆ ಸೊನ್ನೆ. ಸರಿ, ಎಲ್ಲ ಕಡೆ ಇರೋದೇ. ಕೊನೆ ಸಾಲು ನೋಡಿ: 'ಸರ್ವೇ ಉತ್ತರಗಳ ಮೂಲ ಫೈಲನ್ನೂ ಒಪ್ಪಿಸಬೇಕು. ಕಟ್ಟಿದ ಮಾಹಿತಿಯನ್ನು ನಕಲಿನಂತೆಯೇ ಪರಿಗಣಿಸಲಾಗುವುದು.' ನೂರು ಜನರ ಸರ್ವೇ ಮಾಡಿ ಅಂದ್ರೆ ತುಂಬಿಕೊಡೋರು ಯಾರು? ನಲವತ್ತು ಬರುತ್ತೆ, ಉಳಿದಿದ್ದನ್ನ ನಾವೇ ಕೂತು ತುಂಬ್ತೀವಿ. ಯಾರ ಬರಹಾನೂ ಕದ್ದಿಲ್ವಲ್ಲ!

ಪೆನ್ಸಿಲ್: ಕದಿಯೋದೇ ವಾಸಿ ಮಾರಾಯಾ. ಕದ್ದ ಪ್ಯಾರಾದಲ್ಲಿ ಇರೋದು ನಿಜವಾದ್ರೂ ಆಗಿರುತ್ತೆ. ನೀನು ಇಲ್ಲದ ಗಿರಾಕಿಯನ್ನ ಹುಟ್ಟಿಸಿ, ಅವನಿಗೆ ಏನು ಇಷ್ಟ ಅಂತಾನೂ ನೀನೇ ಹೇಳ್ತಿದೀಯ. ಆಮೇಲೆ ಪೇಪರ್‌ನಲ್ಲಿ ಕಲಿಯೋದು ಏನು ಉಳೀತು?

ಕೊನೆಬೆಂಚು: ಭಾಷಣ ಬೇಡ. ಎಲ್ಲರೂ ಮಾಡ್ತಾರೆ.

ಪಾಠದವಳು: ನಾನು ಈ ವಿಷಯ ಪಾಠ ಮಾಡುವವಳು. ಎಲ್ಲರೂ ಮಾಡುವುದರಿಂದಲೇ ಕಣ್ಣಿಗೆ ಬೀಳುತ್ತದೆ. ಫೈಲಿನಲ್ಲಿ ಪ್ರತಿ ಉತ್ತರ ಬಂದ ಸಮಯ ಇರುತ್ತದೆ. ರಾತ್ರಿ ಒಂದೇ ಗಂಟೆಯೊಳಗೆ ಸಾಲಾಗಿ ಅರವತ್ತು ಬಂದಿದ್ದರೆ ಇನ್ನೇನು ಹೇಳಬೇಕು? ಇನ್ನೊಂದು, ನಿಜವಾದ ಜನ ತಮ್ಮ ಮಾತಿಗೆ ತಾವೇ ವಿರುದ್ಧ ಹೋಗುತ್ತಾರೆ. ಮೂರನೇ ಪ್ರಶ್ನೆಗೆ 'ಬೆಲೆಯೇ ಮುಖ್ಯ' ಎಂದವರು ಏಳನೆಯದಕ್ಕೆ ದುಬಾರಿ ಬ್ರ್ಯಾಂಡ್ ಆರಿಸುತ್ತಾರೆ. ಕಟ್ಟಿದ ಉತ್ತರಗಳಲ್ಲಿ ಈ ಗೋಜಲು ಇರುವುದೇ ಅಪರೂಪ. 1ರಿಂದ 5ರ ಅಳತೆಯಲ್ಲಿ ಎಲ್ಲರೂ ವಿಧೇಯರಾಗಿ 4 ಒತ್ತಿರುತ್ತಾರೆ. ಆ ಗೋಜಲನ್ನು ಬಿಡಿಸುವುದೇ ಮಾರ್ಕೆಟಿಂಗ್. ನಲವತ್ತೇ ಬಂದರೆ ನಲವತ್ತೇ ಎಂದು ಬರೆಯಿರಿ. ಎಲ್ಲರೂ ನಿಮ್ಮ ಸ್ನೇಹಿತರೇ ಆಗಿದ್ದರೆ ಅದನ್ನೂ 'ಮಿತಿಗಳು' ಭಾಗದಲ್ಲಿ ಹೇಳಿ. ನಾನಂತೂ ಅದಕ್ಕೆ ಅಂಕ ಕಳೆಯುವುದಿಲ್ಲ.

ಮೂರನೇಸೆಮ್: ಮೇಡಂ, ನನ್ನ ತಲೆನೋವು ಬೇರೆ. ಬರಹ ಬೇರೆಡೆ ಇರೋದಕ್ಕೆ ಹೊಂದುತ್ತಾ ಅಂತ ನೋಡೋ ಟರ್ನಿಟಿನ್ ಸಾಫ್ಟ್‌ವೇರ್‌ನಲ್ಲಿ ಶೇ. 22 ಬಂತು. ನಾನು ಕಾಪಿ ಹೊಡೆದಿಲ್ಲ.

ಪಾಠದವಳು: ಆ ಸಂಖ್ಯೆ ಹೇಳುವುದು ಎಷ್ಟು ಪಠ್ಯ ಬೇರೆಡೆ ಇರುವುದಕ್ಕೆ ಹೊಂದುತ್ತದೆ ಎಂದಷ್ಟೇ. ಪರಾಮರ್ಶನ ಪಟ್ಟಿ, ಉದ್ಧರಣೆ, ಪ್ರಶ್ನಾವಳಿ ಎಲ್ಲ ಅದರಲ್ಲಿ ಸೇರಿರಬಹುದು. ಶೇ. 5 ಬಂದು ಆ ಐದೂ ಒಬ್ಬರ ವಿಶ್ಲೇಷಣೆಯನ್ನೇ ಎತ್ತಿದ್ದಾದರೆ ಅದು ನಕಲು. ವರದಿ ತೆರೆದು ಬಣ್ಣ ಎಲ್ಲಿ ಬಿದ್ದಿದೆ ನೋಡಿ.

ಮೂರನೇಸೆಮ್: ನಾಲ್ಕು ಪಿ ವಿವರಿಸಿದ ಕಡೆ ಪೂರ್ತಿ ಕೆಂಪು 😅

ಪೆನ್ಸಿಲ್: ಪ್ರಾಡಕ್ಟ್, ಪ್ರೈಸ್, ಪ್ಲೇಸ್, ಪ್ರಮೋಷನ್, ಅಂದ್ರೆ ಉತ್ಪನ್ನ, ಬೆಲೆ, ಸ್ಥಳ, ಪ್ರಚಾರ ಅನ್ನೋ ವಿಂಗಡಣೆ ಮಾರ್ಕೆಟಿಂಗ್ ಪ್ರೊಫೆಸರ್ ಮೆಕಾರ್ಥಿ 1960ರಲ್ಲಿ ಕೊಟ್ಟಿದ್ದು, ಈಗ ಎಲ್ಲರಿಗೂ ಗೊತ್ತು. ಆದ್ರೆ ಪಠ್ಯಪುಸ್ತಕದ ವಾಕ್ಯನೇ ಇಳಿಸಿದ್ರೆ ಅದು ಆ ಲೇಖಕನದ್ದು. ನಿನ್ನ ಮಾತಲ್ಲಿ ಬರಿ, ಮೂಲಾನೂ ಹೇಳು.

ಗುಂಪಿನಬಲಿಪಶು: ಎಐ ಬಗ್ಗೆ ಯಾರೂ ಬಾಯಿ ಬಿಡ್ತಿಲ್ಲ! ನಮ್ಮಲ್ಲಿ ಎಐ ಬರೆದಿದ್ದನ್ನ ಪತ್ತೆ ಮಾಡೋ ಸಾಫ್ಟ್‌ವೇರ್ ಹೇಳಿದ್ದೇ ವೇದವಾಕ್ಯ. ಚಾಟ್‌ಜಿಪಿಟಿ ಮಾಡಿದ ಓಪನ್‌ಎಐ ಕಂಪನಿ ತಾನೇ ಬಿಟ್ಟ ಪತ್ತೆ ಸಾಧನವನ್ನ ನಿಖರತೆ ಸಾಲದು ಅಂತ 2023ರ ಜುಲೈನಲ್ಲಿ ವಾಪಸ್ ತಗೊಂಡಿತು. ಅವರದೇ ಪರೀಕ್ಷೆಯಲ್ಲಿ ಮನುಷ್ಯರು ಬರೆದಿದ್ದರಲ್ಲಿ ಶೇ. 9ನ್ನ ಯಂತ್ರದ್ದು ಅಂದಿತ್ತು. ಇಂಥದ್ದನ್ನ ನಂಬಿ ಸೊನ್ನೆ ಕೊಡೋದು ಯಾವ ನ್ಯಾಯ?

ಪಾಠದವಳು: ಅದೊಂದನ್ನೇ ನಂಬಿ ಕೊಡುವುದು ಅನ್ಯಾಯವೇ. ನಾನು ಎದುರು ಕೂರಿಸಿ 'ಈ ವಯಸ್ಸಿನ ಗ್ರಾಹಕರನ್ನೇ ಯಾಕೆ ಆರಿಸಿದಿರಿ' ಎಂದು ಕೇಳುತ್ತೇನೆ. ಮಾಡಿದವರು ಜಗಳಕ್ಕೇ ಬರುತ್ತಾರೆ, ಮಾಡದವರು ಸ್ಲೈಡ್ ಓದುತ್ತಾರೆ. ಮತ್ತೆ, ಎಐ ಕೊಟ್ಟ ಮೂಲಗಳನ್ನು ಹುಡುಕದೆ ಹಾಕಬೇಡಿ. ಇಲ್ಲದ ಲೇಖನಗಳನ್ನೂ ಅದು ಇದೆ ಎನ್ನುತ್ತದೆ.

ಗುಂಪಿನಬಲಿಪಶು: ನಾಲ್ವರ ಗುಂಪಲ್ಲಿ ಒಬ್ಬಳೇ ದುಡಿದು, ಮುಖಪುಟದಲ್ಲಿ ನಾಲ್ಕು ಹೆಸರು ಹಾಕೋದು ಯಾವ ಪ್ರಾಮಾಣಿಕತೆ ಮೇಡಂ? ಆ ಹಾಳೆಯಲ್ಲಿ ಇದಕ್ಕೊಂದು ಸಾಲಿದೆಯಾ?

ಕೊನೆಬೆಂಚು: ಇಲ್ಲ. ನಮ್ಮ ಗುಂಪಲ್ಲಿ ದುಡಿಯೋನು ನಾನೇ, ಬೇಕಾದ್ರೆ ನಂಬಿ.

ಪಾಠದವಳು: ಇರಬೇಕಿತ್ತು. ಯಾರು ಏನು ಮಾಡಿದರು ಎಂಬ ಪುಟಕ್ಕೆ ನಾಲ್ವರೂ ಸಹಿ ಹಾಕುವಂತೆ ನಿಮ್ಮ ಮೇಷ್ಟ್ರನ್ನು ಈಗಲೇ ಕೇಳಿ. ಪ್ರಾಜೆಕ್ಟ್ ಮುಗಿದ ಮೇಲೆ ಬರುವ ದೂರನ್ನು ನಾವು ತೂಗುವುದು ಕಷ್ಟ.

ಕೊನೆಬೆಂಚು: ಆಯ್ತು, ನಲವತ್ತರಲ್ಲೇ ಮುಗಿಸ್ತೀನಿ ಅನ್ಕೊಳ್ಳಿ. ಚಾರ್ಟ್‌ನಲ್ಲಿ ಶೇಕಡಾ ಹಾಕಬಹುದಾ?

ಪೆನ್ಸಿಲ್: ಹಾಕು, ಪಕ್ಕದಲ್ಲಿ ಎಷ್ಟು ಜನ ಅಂತಾನೂ ಹಾಕು. ನಿನ್ನ ಲೆಕ್ಕದಲ್ಲಿ ಒಬ್ಬನೇ ಶೇ. 2.5 ಆಗ್ತಾನೆ.