ಸಸಿಹಿತ್ಲುವಿನಲ್ಲಿ ಜನವರಿಯಲ್ಲಿ ಅಲೆ ಸಿಗುತ್ತದಾ?

ಪ್ರಶ್ನೆ: ಮೂಲ್ಕಿಯಲ್ಲಿ ಸರ್ಫಿಂಗ್ ಕಲಿತೆ, ಈಗ ಸ್ವಂತ ಬೋರ್ಡ್ ಇದೆ. ಅದರ ಹತ್ತಿರದ ಸಸಿಹಿತ್ಲುವಿನಲ್ಲಿ ಜನ ಕಡಿಮೆ, ತಳದಲ್ಲಿ ಮರಳು. ಆ ಕಡಲು ಬಹಳ ಇಷ್ಟ. ಜನವರಿಯಲ್ಲಿ ಬರಬಹುದಾ?

ಉತ್ತರ 1: ಧಾರಾಳವಾಗಿ ಬನ್ನಿ. ಅಲೆ ಸಣ್ಣದು, ಆದರೆ ಚೊಕ್ಕ. ಬೆಳಗ್ಗೆ ಬೇಗ ಇಳಿಯಿರಿ. ಆಗ ಗಾಳಿ ನೆಲದಿಂದ ಕಡಲಿಗೆ ಬೀಸುತ್ತದೆ, ಅಲೆಯ ಮುಖ ನಯವಾಗಿರುತ್ತದೆ. ಮಧ್ಯಾಹ್ನ ಕಡಲಗಾಳಿ ಎದ್ದರೆ ನೀರೆಲ್ಲ ಕಲಕಿಹೋಗುತ್ತದೆ. ಇನ್ನೊಂದು ಮಾತು, ಮಳೆಗಾಲ ಕಳೆದ ಮೇಲೆ ನೀರಡಿಯ ಮರಳುದಿಬ್ಬ ಜಾಗ ಬದಲಿಸಿರುತ್ತದೆ. ಹಳೇ ಗುರುತು ನಂಬಬೇಡಿ. ಸ್ವಲ್ಪ ಹೊತ್ತು ದಡದಲ್ಲೇ ನಿಂತು, ಅಲೆ ಎಲ್ಲಿ ಒಡೆಯುತ್ತದೆ ನೋಡಿ.

ಉತ್ತರ 2: ಅಳಿವೆ ಬಾಗಿಲ ಹತ್ತಿರ ಬೇಡ ಮಾರಾಯ್ರೆ. ನಂದಿನಿ, ಶಾಂಭವಿ ಎರಡೂ ನದಿ ಅಲ್ಲೇ ಕಡಲು ಸೇರುವುದು. ಇಳಿತದಲ್ಲಿ ಸೆಳೆತ ಜಾಸ್ತಿ.

ಪ್ರಶ್ನೆ ಕೇಳಿದವರು: ಸೆಳೆತಕ್ಕೆ ಸಿಕ್ಕರೆ?

ಉತ್ತರ 2: ಬೋರ್ಡ್ ಬಿಡಬೇಡಿ. ದಡಕ್ಕೆ ಸಮಾನಾಂತರವಾಗಿ, ಅಳಿವೆಯಿಂದ ದೂರಕ್ಕೆ ಕೈಯಿಂದ ನೀರು ತಳ್ಳುತ್ತಾ ಸಾಗಿ. ಒಬ್ಬರೇ ಇಳಿಯಬೇಡಿ.